ಹನ್ನೊಂದು ಹಳದಿ ಗೆರೆಗಳು

ಅತ್ತೆಯ ಕಾರಿಗೆ ನಮ್ಮ ಮನೆಯಲ್ಲಿ ಇಟ್ಟ ಹೆಸರು ಜಿರಲೆ. ಇಟ್ಟವರು ಅಪ್ಪ. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂಥ ಮೈ, ಕಂದು ಬಣ್ಣ, ತಲೆಯ ಮೇಲೆ ಮಡಚಿಡಬಹುದಾದ ಬಟ್ಟೆಯ ಮುಚ್ಚಿಗೆ. ಆ ಸ್ಪೋರ್ಟ್ಸ್ ಕಾರು ವಯಸ್ಸಿನಲ್ಲಿ ನನಗಿಂತ ಇಪ್ಪತ್ತೆರಡು ವರ್ಷ ದೊಡ್ಡದು. “ಎಷ್ಟು ಸಲ ಸತ್ತು ಬಿದ್ರೂ ಮತ್ತೆ ಎದ್ದು ಓಡುತ್ತಲ್ಲ, ಇನ್ನೇನನ್ಬೇಕು ಅದಕ್ಕೆ?” ಎನ್ನುವುದು ಅಪ್ಪನ ಸಮಜಾಯಿಷಿ. ಅತ್ತೆ ಮಾತ್ರ ಅದನ್ನು ‘ಇವನು’ ಎನ್ನುತ್ತಿದ್ದರು. ಇವನಿಗೆ ಇವತ್ತು ಉಸಿರು ಕಟ್ಟಿದೆ, ಇವನು ನಿನ್ನೆಯಿಂದ ಎಣ್ಣೆ ಕುಡಿಯುತ್ತಿದ್ದಾನೆ, ಹೀಗೆ.

ಅತ್ತೆ ಅಪ್ಪನ ಅಕ್ಕ. ಒಬ್ಬರೇ ಇರುತ್ತಾರೆ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಮೂವತ್ತೊಂದು ವರ್ಷ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡಿದವರು. “ಈ ಊರಲ್ಲಿ ವಯಸ್ಸಾದವರು ಯಾರು ನಕ್ರೂ ನನ್ನ ಕೆಲಸ ಕಾಣುತ್ತೆ,” ಎಂದು ಹೇಳಿಕೊಳ್ಳುತ್ತಿದ್ದರು. ಐದು ತಿಂಗಳ ಹಿಂದೆ ಕಣ್ಣು ಸಾಲದು ಎಂದು ಕೆಲಸ ಬಿಟ್ಟರು. ಬಿಟ್ಟು ಬಂದ ದಿನ ಲ್ಯಾಬಿನಿಂದ ತಂದದ್ದು ಎರಡೇ ವಸ್ತು: ಒಂದು ಸ್ಟೂಲು, ಕೂದಲೆಳೆಯಷ್ಟು ಸಣ್ಣ ಮೊನೆಯ ಒಂದು ಬ್ರಷ್ಷು.

ನಾನು ಡಿಗ್ರಿ ಮುಗಿಸಿ ಆಗ ಎಂಟು ತಿಂಗಳಾಗಿತ್ತು. ಮೂರು ಸಂದರ್ಶನಗಳಿಗೆ ಹೋಗಿ ಬಂದಿದ್ದೆ. ಮೂರರಲ್ಲೂ ಉತ್ತರ ಗೊತ್ತಿತ್ತು, ಬಾಯಿ ಬರಲಿಲ್ಲ. ಮನೆಗೆ ಬಂದು ಡೈರಿಯಲ್ಲಿ ಆ ಉತ್ತರಗಳನ್ನೆಲ್ಲ ಚೆನ್ನಾಗಿ ಬರೆದಿಟ್ಟೆ. ಚಿಕ್ಕಂದಿನಿಂದಲೂ ನನ್ನನ್ನು ಎಲ್ಲರೂ ಕರೆಯುವುದು ಸುಮ್ಮಿ ಎಂದು. ಯಾವಾಗಲೂ ಸುಮ್ಮನಿರುತ್ತೇನೆ ಎಂಬುದಷ್ಟೇ ಅದಕ್ಕೆ ಕಾರಣ. ಒಂದು ದಿನ ಅತ್ತೆ ಅಮ್ಮನಿಗೆ ಫೋನ್ ಮಾಡಿ, “ಮನೇಲಿ ಗೋಡೆ ನೋಡ್ತಾ ಕೂರೋ ಬದಲು ಇಲ್ಲಿ ಬಂದು ಟಾರ್ಚ್ ಹಿಡೀಲಿ,” ಎಂದರು. ಮರುದಿನದಿಂದ ಹೋದೆ.

ಅತ್ತೆಯ ಶೆಡ್ಡು ಮನೆಗಿಂತ ಚೊಕ್ಕಟ. ಗೋಡೆಯ ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿನ ಆಕಾರವನ್ನೂ ಪೆನ್ಸಿಲ್ಲಿನಲ್ಲಿ ಬರೆದಿದ್ದರು. ತೆಗೆದದ್ದನ್ನು ಎಲ್ಲಿ ತೂಗುಹಾಕಬೇಕು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಕೇಳುವ ಅಗತ್ಯವಿಲ್ಲದ ಜಾಗಗಳು ನನಗೆ ಬಹಳ ಇಷ್ಟ. ಕಾರನ್ನು ಜಾಕಿನಿಂದ ಎತ್ತಿ, ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಚಾಪೆ ಹಾಸಿಕೊಂಡು ಇಬ್ಬರೂ ಕೆಳಗೆ ತೂರುತ್ತಿದ್ದೆವು. ಅತ್ತೆ ಬಿಗಿ ಮಾಡುವುದು, ನಾನು ಬೆಳಕು ಹಿಡಿಯುವುದು. ಮಾತು ಬೇಕಿರಲಿಲ್ಲ.

ಪ್ರಾಣಕ್ಕೆ ಸಂಬಂಧಪಟ್ಟ ನಟ್ಟುಗಳು ಹನ್ನೊಂದು ಎಂದು ಅತ್ತೆಯ ಲೆಕ್ಕ. ಮುಂದಿನ ಚಕ್ರಗಳನ್ನು ಹಿಡಿದಿಡುವವು, ಸ್ಟೀರಿಂಗಿನವು, ಬ್ರೇಕಿನವು. ಅವನ್ನು ಸಾಮಾನ್ಯ ಸ್ಪ್ಯಾನರಿನಲ್ಲಿ ಬಿಗಿ ಮಾಡುವ ಹಾಗಿಲ್ಲ. ಅದಕ್ಕೆಂದೇ ಒಂದು ಉದ್ದ ಹಿಡಿಯ ಸ್ಪ್ಯಾನರ್ ಇದೆ. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಅದನ್ನು ತಿರುಗಿಸಿಟ್ಟರೆ, ಅಷ್ಟಾದ ಕೂಡಲೇ ಟಕ್ ಎನ್ನುತ್ತದೆ. ಅತ್ತೆಯ ಬಾಯಲ್ಲಿ ಅದು ಟಕ್ ಸ್ಪ್ಯಾನರ್. ಟಕ್ ಎಂದ ಮೇಲೆ ನಟ್ಟಿನ ತಲೆಯಿಂದ ಪಕ್ಕದ ಲೋಹಕ್ಕೆ ದಾಟುವಂತೆ ಹಳದಿ ಬಣ್ಣದಲ್ಲಿ ಒಂದು ಗೆರೆ. ಆಮೇಲೆ ಮೇಲೆದ್ದು ಗಾಡಿ ಪುಸ್ತಕದಲ್ಲಿ ತಾರೀಖು.

ಮೊದಲ ವಾರದಲ್ಲೇ ಅತ್ತೆ ಬ್ರಷ್ಷನ್ನು ನನ್ನ ಕೈಗೆ ಕೊಟ್ಟರು. “ನನ್ನ ಕಣ್ಣಿಗೆ ಆಗಲ್ಲ, ನೀನೇ ಎಳಿ.”

ಇದೇ ಅತ್ತೆ ಬಣ್ಣದ ಡಬ್ಬಿಯ ಮೇಲಿನ ಇರುವೆಯಷ್ಟು ಸಣ್ಣ ಅಕ್ಷರವನ್ನು ಕನ್ನಡಕವಿಲ್ಲದೆ ಓದುತ್ತಿದ್ದರು. ನನಗೆ ಅದು ಹೊಳೆಯಲಿಲ್ಲ. ಬ್ರಷ್ಷು ಸಿಕ್ಕ ಖುಷಿಯಲ್ಲಿದ್ದೆ. ಆ ಕಾರಿನ ಮೇಲೆ ಬೇರೆಯವರು ಕೈಯಿಟ್ಟರೆ ಅತ್ತೆ ಸಹಿಸುವುದಿಲ್ಲ. ಬಾಗಿಲು ಜೋರಾಗಿ ಹಾಕಿದ್ದಕ್ಕೆ ಅಪ್ಪ ಒಂದು ವರ್ಷ ಅದರಲ್ಲಿ ಕೂರುವ ಭಾಗ್ಯ ಕಳೆದುಕೊಂಡಿದ್ದರು. ಅಂಥದ್ದರಲ್ಲಿ ನನಗೆ ಬ್ರಷ್ಷು! ಸಂದರ್ಶನದವರು ಯಾರೂ ಕೊಡದಿದ್ದ ಕೆಲಸ ಅದು. ಗೆರೆ ಏಕೆ ಎಂದು ನಾನು ಕೇಳಲಿಲ್ಲ. ಮುಗಿದ ಕೆಲಸಕ್ಕೆ ಟಿಕ್ ಹಾಕುವ ಹಾಗೆ ಎಂದುಕೊಂಡೆ. ನನಗೆ ಗೊತ್ತಿರಬೇಕು ಎಂದುಕೊಂಡು ಅತ್ತೆಯೂ ಹೇಳಲಿಲ್ಲ.

ಹಳೆಯ ಕಾರಿನವರ ಸಂಘದವರು ವರ್ಷಕ್ಕೊಮ್ಮೆ ಬೆಟ್ಟಕ್ಕೆ ಹೋಗುತ್ತಾರೆ. ಇಪ್ಪತ್ತೊಂದು ತಿರುವು ಹತ್ತಿ, ಮೇಲೆ ಫೋಟೊ ತೆಗೆಸಿಕೊಂಡು, ಅದೇ ಇಪ್ಪತ್ತೊಂದು ತಿರುವು ಇಳಿಯುವುದು. ಈ ಸಲ ಅದು ಭಾನುವಾರ. ಅದಕ್ಕೆ ಮೊದಲಿನ ಗುರುವಾರ ಅತ್ತೆ ಬ್ಯಾಂಕಿಗೆ ಎಂದು ಹೇಳಿ ಹೋದರು. ಕಾರು ಸ್ಟ್ಯಾಂಡಿನ ಮೇಲಿತ್ತು, ತಳವನ್ನು ಒರೆಸಿಡುವ ಕೆಲಸ ನನಗೆ. ಗ್ರೀಸು, ಧೂಳು ಎಲ್ಲ ಹೋದ ಮೇಲೆ ಗೆರೆಗಳು ಎದ್ದು ಕಂಡವು. ನಾನು ಎಳೆದವು ಹೊಸದಾಗಿದ್ದವು, ಅತ್ತೆಯವು ಮಾಸಿದ್ದವು. ಮೂರಂತೂ ನೋಡುವ ಹಾಗಿರಲಿಲ್ಲ, ಸೊಟ್ಟಪಟ್ಟ. ಸಂಘದ ಕಾರ್ಯದರ್ಶಿ ಬಂದು ಕೆಳಗೆ ಮಲಗಿ ನೋಡುತ್ತಾರೆ ಎಂದು ಅತ್ತೆ ಹೇಳಿದ್ದರು. ನಾನು ಬಟ್ಟೆಗೆ ಬಣ್ಣ ಕರಗಿಸುವ ಥಿನ್ನರ್ ಹಾಕಿ ಹನ್ನೊಂದನ್ನೂ ಒರೆಸಿದೆ. ಹನ್ನೊಂದನ್ನೂ ಒಂದೇ ಉದ್ದಕ್ಕೆ, ಒಂದೇ ದಪ್ಪಕ್ಕೆ ಹೊಸದಾಗಿ ಎಳೆದೆ. ಅತ್ತೆಗೆ ಹೇಳಲಿಲ್ಲ. ಅವರಾಗಿಯೇ ನೋಡಿ ಸಂತೋಷಪಡಲಿ ಎಂದು.

ಶನಿವಾರ ಸಂಜೆ ಕಾರ್ಯದರ್ಶಿ ಬಂದರು. ಅವರಿಗೆ ಅತ್ತೆ ಇಟ್ಟ ಹೆಸರು ಹಾರ್ನು. ಬೀದಿಯ ತುದಿಯಲ್ಲಿರುವಾಗಲೇ ಅವರು ಬರುತ್ತಿರುವುದು ಗೊತ್ತಾಗುತ್ತದೆ.

“ಏನ್ ಮೇಡಂ, ನಿಮ್ಮ ಹುಡುಗ ಹೇಗಿದ್ದಾನೆ?”

“ನಿಮ್ಮ ಗಾಡಿಗಿಂತ ಚೆನ್ನಾಗಿದ್ದಾನೆ. ಹೋದ ವರ್ಷ ಯಾರನ್ನ ಹಗ್ಗ ಕಟ್ಟಿ ಎಳ್ಕೊಂಡು ಬಂದ್ರು ಅಂತ ಎಲ್ಲರಿಗೂ ನೆನಪಿದೆ.”

“ಅದು ಪೆಟ್ರೋಲ್‌ದು ತಪ್ಪು ಮೇಡಂ, ಗಾಡೀದಲ್ಲ!”

ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಚಾಪೆಯ ಮೇಲೆ ಮಲಗಿ, ಟಾರ್ಚ್ ಹಿಡಿದು, ಕಾರಿನ ಕೆಳಗೆ ಜಾರಿದರು. ಸ್ಪ್ಯಾನರ್ ಕೇಳಲೇ ಇಲ್ಲ. ಎರಡೇ ನಿಮಿಷದಲ್ಲಿ ಹೊರಗೆ ಬಂದು ಅಂಗಿ ಕೊಡವಿಕೊಂಡರು.

“ಉಳಿದವರ ಗಾಡಿಗೆ ಒಂದೊಂದಕ್ಕೂ ಅರ್ಧ ಗಂಟೆ ಬೇಕು. ನಿಮ್ಮದಕ್ಕೆ ಟಾರ್ಚ್ ಸಾಕು. ಆಹಾ, ಈ ಸಲ ಗೆರೆ ನೋಡಿ, ಅಳತೆಪಟ್ಟಿ ಇಟ್ಟು ಎಳೆದ ಹಾಗಿದೆ!”

ಅತ್ತೆ ನನ್ನ ಕಡೆ ನೋಡಿದರು. ಮೆಚ್ಚುಗೆ ಎಂದುಕೊಂಡೆ.

ಹಾರ್ನ್ ನನ್ನತ್ತ ತಿರುಗಿದರು. “ಇದರ ಉಪಯೋಗ ಗೊತ್ತೇನಮ್ಮ ನಿಂಗೆ? ಗೆರೆ ಅರ್ಧ ನಟ್ಟಿನ ಮೇಲೆ, ಅರ್ಧ ಗಾಡಿ ಮೇಲೆ. ಓಡಿ ಓಡಿ ನಟ್ಟು ಒಂಚೂರು ತಿರುಗಿದ್ರೂ ಗೆರೆ ಜೋಡಣೆ ತಪ್ಪುತ್ತೆ, ಸೊಟ್ಟ ಆಗುತ್ತೆ. ಸೊಟ್ಟ ಕಂಡ್ರೆ ನಟ್ಟು ಸಡಿಲ ಅಂತ ಅರ್ಥ. ಗೆರೆ ನೆಟ್ಟಗಿದ್ರೆ ಕಣ್ಣು ಮುಚ್ಕೊಂಡು ಬೆಟ್ಟ ಇಳೀಬಹುದು. ನಿಮ್ಮತ್ತೆ ಗೆರೆ ಸುಳ್ಳು ಹೇಳಲ್ಲ.”

ನನ್ನ ಕೈಯಲ್ಲಿ ಚಹಾದ ತಟ್ಟೆಯಿತ್ತು. ಅದನ್ನು ಸ್ಟೂಲಿನ ಮೇಲಿಟ್ಟೆ. ಮೂರು ಸೊಟ್ಟಗಿದ್ದವು ಎಂಬುದು ನೆನಪಾಯಿತು. ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಹಾರ್ನ್ ತಮ್ಮ ಕಾರ್ಬುರೇಟರಿನ ಕಥೆ ಶುರು ಮಾಡಿದರು. ಅವರ ಕಥೆಯ ನಡುವೆ ಜಾಗವೇ ಇರುವುದಿಲ್ಲ. ಅವರು ಕಾಗದಕ್ಕೆ ಸಹಿ ಹಾಕಿದರು, ಗಾಜಿಗೆ ಏಳು ಎಂಬ ನಂಬರು ಅಂಟಿಸಿದರು, ಹೋದರು. ಅತ್ತೆ ಅರ್ಧ ತುಂಬಿದ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ನೀನೂ ಹೊರಡು, ಕತ್ತಲಾಗುತ್ತೆ,” ಎಂದರು. ಹೊರಟೆ.

ಮನೆಯಲ್ಲಿ ಡೈರಿ ತೆಗೆದು ನೋಡಿದೆ. ಗುರುವಾರದ ಪುಟದಲ್ಲಿ ನನ್ನದೇ ಅಕ್ಷರ: ‘ಹನ್ನೊಂದು ಗೆರೆಗಳನ್ನೂ ಒರೆಸಿ ಹೊಸದಾಗಿ ಎಳೆದೆ. ಮೂರು ಸೊಟ್ಟಗಿದ್ದವು, ಸರಿಮಾಡಿದೆ. ಈಗ ಎಲ್ಲ ಒಂದೇ ಅಳತೆ. ಖುಷಿಯಾಯಿತು.’ ಕೊನೆಯ ಪದವನ್ನು ಹೊಡೆದುಹಾಕಿದೆ. ಅದರಿಂದ ಏನೂ ಆಗಲಿಲ್ಲ. ಫೋನ್ ಕೈಗೆತ್ತಿಕೊಂಡೆ, ಅತ್ತೆಯ ನಂಬರ್ ತೆಗೆದೆ, ಇಟ್ಟೆ. ಹೇಳಿದರೆ ಬ್ರಷ್ಷು ಹೋಗುತ್ತದೆ, ಶೆಡ್ಡು ಹೋಗುತ್ತದೆ, ಮತ್ತೆ ಗೋಡೆ. ಹೇಳದಿದ್ದರೆ ಇಪ್ಪತ್ತೊಂದು ತಿರುವು. ಬೆಳಿಗ್ಗೆ ಬೇಗ ಹೋಗಿ ಎದುರಿಗೇ ಹೇಳುತ್ತೇನೆ ಎಂದು ಡೈರಿಯಲ್ಲಿ ಬರೆದೆ. ಬರೆದರೆ ಮಾಡಿದಂತೆಯೇ ಎಂಬ ಭ್ರಮೆ ನನಗೆ ಮೊದಲಿನಿಂದಲೂ ಇದೆ.

ಭಾನುವಾರ ಆರೂವರೆಗೆ ಅಪ್ಪ ಹಲ್ಲುಜ್ಜುತ್ತಿದ್ದಾಗ ಹೇಳಿನೋಡಿದೆ. “ಅಪ್ಪ, ಅತ್ತೆ ಕಾರಿನ ನಟ್ಟು...”

“ಜಿರಲೆಗೆ ಏನೂ ಆಗಲ್ಲ ಬಿಡಮ್ಮ,” ಎಂದರು ನೊರೆಯ ನಡುವಿನಿಂದ. “ಭೂಕಂಪ ಆಗಿ ನಾವೆಲ್ಲ ಹೋದ್ರೂ ಅದು ಇರುತ್ತೆ.”

ಸೈಕಲ್ ಹತ್ತಿ ಅತ್ತೆಯ ಮನೆಗೆ ಹೋದೆ. ಶೆಡ್ಡಿನ ಬಾಗಿಲಿಗೆ ಬೀಗ. ಒಳಗಿನ ಎಣ್ಣೆಯ ವಾಸನೆ ಮಾತ್ರ ಬಾಗಿಲ ಸಂದಿಯಿಂದ ಬರುತ್ತಿತ್ತು. ಕಾರುಗಳು ಹೊರಡುವುದು ಊರಾಚೆಯ ಪೆಟ್ರೋಲ್ ಬಂಕಿನಿಂದ, ಏಳೂವರೆಗೆ. ನನ್ನ ಸೈಕಲ್ಲು ಅಷ್ಟು ವೇಗವಾಗಿ ಓಡಬಲ್ಲದು ಎಂದು ನನಗಾಗಲಿ ಅದಕ್ಕಾಗಲಿ ಗೊತ್ತಿರಲಿಲ್ಲ.

ಬಂಕಿನಲ್ಲಿ ಹದಿನಾಲ್ಕು ಕಾರುಗಳಲ್ಲಿ ಎಂಟು ಇನ್ನೂ ಸಾಲಾಗಿ ನಿಂತಿದ್ದವು. ಸುತ್ತ ಜನ, ಹೊಗೆ, ಫೋಟೊ. ಹಾರ್ನ್ ಕೈಯಲ್ಲಿ ಬಾವುಟ. ಆರು ಕಾರುಗಳು ಆಗಲೇ ರಸ್ತೆಗಿಳಿದಿದ್ದವು. ಏಳನೆಯದು ಅತ್ತೆಯದು. ಗಾಗಲ್ಸ್ ಹಾಕಿ, ತಲೆಗೆ ಸ್ಕಾರ್ಫ್ ಕಟ್ಟಿ, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಕೂತಿದ್ದರು.

ಸೈಕಲನ್ನು ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಕಾರಿನ ಮುಂದೆ ಹೋಗಿ ನಿಂತು ಬಾನೆಟ್ಟಿನ ಮೇಲೆ ಎರಡೂ ಕೈಯಿಟ್ಟೆ. ಬಿಸಿಯಾಗಿತ್ತು.

“ಅತ್ತೆ, ಇಂಜಿನ್ ಆಫ್ ಮಾಡಿ.”

ಜೋರಾಗಿಯೇ ಹೇಳಿದ್ದೆ. ಸುತ್ತಲಿನವರು ತಿರುಗಿದರು.

“ಏನಾಯ್ತೇ?”

“ಗುರುವಾರ ಎಲ್ಲ ಗೆರೆನೂ ಒರೆಸಿ ಹೊಸದಾಗಿ ಎಳೆದೆ. ನಟ್ಟು ಮುಟ್ಟಲಿಲ್ಲ, ಗೆರೆ ಮಾತ್ರ. ಮೂರು ಸೊಟ್ಟಗಿದ್ವು. ಅವೂ ಈಗ ನೆಟ್ಟಗಿವೆ. ಯಾಕೆ ಸೊಟ್ಟ ಅಂತ ನನಗೆ ಗೊತ್ತಿರಲಿಲ್ಲ.”

ಒಂದೇ ಉಸಿರಿಗೆ ಇಷ್ಟೂ ಹೇಳಿದೆ. ಅತ್ತೆ ಗಾಗಲ್ಸ್ ಹಣೆಗೇರಿಸಿದರು. ಇಂಜಿನ್ ನಿಂತಿತು. ಹಿಂದಿನ ಕಾರಿನವನು, “ಏನ್ ಮೇಡಂ, ಇಲ್ಲೇ ಬೆಟ್ಟ ಬಂತಾ?” ಎಂದು ಕೂಗಿದ. ಅತ್ತೆ ಕೈಯೆತ್ತಿ, ನೀನು ಮುಂದೆ ಹೋಗಪ್ಪ ಎಂದು ಸನ್ನೆ ಮಾಡಿದರು.

ಬಂಕಿನ ಪಕ್ಕದಲ್ಲಿ ಗಾಡಿಗಳ ತಳ ನೋಡಲು ಸಿಮೆಂಟಿನ ಗುಂಡಿಯೊಂದಿತ್ತು. ಕಾರನ್ನು ಅದರ ಮೇಲೆ ನಿಲ್ಲಿಸಿದರು. ಡಿಕ್ಕಿಯಿಂದ ಟಕ್ ಸ್ಪ್ಯಾನರ್ ತೆಗೆದು, ಅಳತೆ ಕೂರಿಸಿ, ನನ್ನ ಮುಂದೆ ಚಾಚಿದರು.

“ನೀನೇ ಹಾಕು.”

“ನಾನಾ? ನಂಗೆ ಬರಲ್ಲ ಅತ್ತೆ.”

“ಎರಡು ತಿಂಗಳಿಂದ ನೋಡ್ತಿದ್ದೀಯ. ನಟ್ಟಿಗೆ ಕೂರಿಸು, ನಿಧಾನ ಒತ್ತು. ನಟ್ಟು ಅಲುಗದೆ ಟಕ್ ಅಂದ್ರೆ ಬಿಗಿ ಇದೆ ಅಂತ. ಟಕ್ ಅನ್ನೋಕೆ ಮುಂಚೆ ತಿರುಗಿದ್ರೆ ಸಡಿಲ. ಬಾಯಿ ಬಿಟ್ಟು ಹೇಳು. ಮನಸ್ಸಲ್ಲೇ ಇಟ್ಕೋಬೇಡ.”

ಗುಂಡಿಗೆ ಇಳಿದೆ. ಹಾರ್ನ್ ಮೇಲಿನಿಂದ ಟಾರ್ಚ್ ಹಿಡಿದರು. ಮೊದಲು ಆ ಮೂರು. ಎಡ ಚಕ್ರದ ಕೆಳಗಿನದು: ಅಂಗೈ ಬೆವರಿ ಹಿಡಿ ಜಾರಿತು, ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಒತ್ತಿದೆ. ಟಕ್. ಅಲುಗಲಿಲ್ಲ. “ಬಿಗಿ ಇದೆ,” ಎಂದೆ. ಸ್ಟೀರಿಂಗಿನದು. ಟಕ್. “ಬಿಗಿ.” ಬಲಗಡೆ ಬ್ರೇಕಿನದು. ನಟ್ಟು ತಿರುಗಿದ ಹಾಗೆ ಅನಿಸಿತು. ನೋಡಿದರೆ ಸ್ಪ್ಯಾನರ್ ಸರಿಯಾಗಿ ಕೂತಿರಲಿಲ್ಲ. ಮತ್ತೆ ಕೂರಿಸಿದೆ. ಟಕ್.

ಉಳಿದ ಎಂಟನ್ನೂ ನೋಡಿದೆ. ಹನ್ನೊಂದು ಟಕ್. ಒಂದೂ ಅಲುಗಲಿಲ್ಲ.

ಗುಂಡಿಯಿಂದ ಹತ್ತಿ ಬಂದಾಗ ಹಾರ್ನ್ ಸುತ್ತಲಿನವರಿಗೆ ಕೇಳುವಂತೆ, “ಅಂದ್ರೆ ಸುಮ್ಸುಮ್ನೆ ಗಾಬರಿ! ಸಣ್ಣವರ ಕೈಗೆ ಬ್ರಷ್ ಕೊಟ್ರೆ ಹೀಗೇ ಮೇಡಂ. ನಟ್ಟೆಲ್ಲ ಬಿಗಿ ಇದ್ಮೇಲೆ ಗೆರೆ ಎಲ್ಲಿ ಸೊಟ್ಟ ಇರುತ್ತೆ? ಏನೋ ಕಂಡಿದೆ, ಏನೋ ಅಂದ್ಕೊಂಡಿದ್ದಾಳೆ,” ಎಂದರು.

ಒಂದಿಬ್ಬರು ನಕ್ಕರು. ನಾನು ನನ್ನ ಚಪ್ಪಲಿ ನೋಡಿದೆ. ಆದರೂ ಆ ಮೂರು ಗೆರೆಗಳನ್ನು ನಾನು ಕಂಡದ್ದು ನಿಜ. ಕಣ್ಣ ಮುಂದೆಯೇ ಇದ್ದವು. ಈಗ ಯೋಚಿಸಿದರೆ ಅವು ಮಧ್ಯದಲ್ಲಿ ಜೋಡಣೆ ತಪ್ಪಿದ ಗೆರೆಗಳಾಗಿರಲಿಲ್ಲ. ಶುರುವಿನಿಂದ ಕೊನೆಯವರೆಗೂ ಅಲೆಅಲೆಯಾಗಿದ್ದವು. ಓಡುವ ಬಸ್ಸಿನಲ್ಲಿ ಕೂತು ಬರೆದ ಅಕ್ಷರದ ಹಾಗೆ. ಅವುಗಳ ತಾರೀಖು ಗಾಡಿ ಪುಸ್ತಕದಲ್ಲಿ ನಾನೇ ನೋಡಿದ್ದೆ: ಮೂರೂ ನಾನು ಬರುವುದಕ್ಕೆ ಸ್ವಲ್ಪ ಮುಂಚಿನವು, ಅತ್ತೆ ಲ್ಯಾಬು ಬಿಟ್ಟ ಮೇಲಿನವು. ಅರ್ಧ ತುಂಬಿದ ಲೋಟ, ಎರಡು ಕೈ, ‘ನೀನೇ ಹಾಕು’. ಅರ್ಥವಾಯಿತು. ನಾನು ತಲೆಯೆತ್ತಲಿಲ್ಲ. ನನ್ನ ಗಾಬರಿಯೇ ಎಂದು ಎಲ್ಲರೂ ಅಂದುಕೊಳ್ಳಲಿ, ನನಗೇನೂ ನಷ್ಟವಿರಲಿಲ್ಲ.

“ಅವಳು ಕಂಡಿದ್ದು ಸರಿ,” ಎಂದರು ಅತ್ತೆ. “ಗೆರೆ ಸೊಟ್ಟಾನೇ ಇತ್ತು. ನಟ್ಟಿನ ತಪ್ಪಲ್ಲ, ನನ್ನ ಕೈಯ ತಪ್ಪು. ಆರು ತಿಂಗಳಿಂದ ನಡುಗುತ್ತೆ.”

ಅವರು ಬಲಗೈಯನ್ನು ಮುಂದೆ ಚಾಚಿ ಹಿಡಿದರು. ಬೆರಳುಗಳ ತುದಿ ಅಲುಗುತ್ತಿತ್ತು. ಬಹಳವಲ್ಲ. ಕಾರು ನಿಂತಲ್ಲೇ ಗುರುಗುಡುವಾಗ ಹಿಂಬದಿಯ ಕನ್ನಡಿ ಅಲುಗುತ್ತದಲ್ಲ, ಅಷ್ಟು.

ಹಾರ್ನ್ ಟಾರ್ಚ್ ಆರಿಸಿ ಕಿಸೆಗೆ ಹಾಕಿಕೊಂಡರು.

“ಗುರುವಾರ ಬ್ಯಾಂಕಿಗಲ್ಲ ಹೋಗಿದ್ದು, ಡಾಕ್ಟರ್ ಹತ್ರ,” ಎಂದು ಅತ್ತೆ ನನಗೆ ಹೇಳಿದರು. ಆಮೇಲೆ ಎಲ್ಲರಿಗೂ: “ಓಡಿಸ್ಬಹುದು ಅಂದಿದ್ದಾರೆ. ಗಟ್ಟಿಯಾಗಿ ಏನಾದ್ರೂ ಹಿಡಿದ್ರೆ ನಿಲ್ಲುತ್ತೆ. ಸಣ್ಣ ಕೆಲಸಕ್ಕೆ ಹೋದ್ರೇ ಅದಕ್ಕೆ ಸಿಟ್ಟು. ಕಾಗದ ಇದೆ, ಬೇಕಾದವರು ನೋಡಿ. ಬೇಡ ಅಂದ್ರೆ ಇಲ್ಲಿಂದಲೇ ತಿರುಗಿಸ್ಕೊಂಡು ಹೋಗ್ತೀನಿ.”

ಹಾರ್ನ್ ಕಾಗದ ತೆಗೆದುಕೊಂಡು ಪೂರ್ತಿ ಓದಿದರು. ಮಡಚಿ ಹಿಂದಕ್ಕೆ ಕೊಟ್ಟರು. “ಮುಂದಿನ ವರ್ಷದಿಂದ ನಿಮ್ಮ ಗಾಡಿಗೂ ಅರ್ಧ ಗಂಟೆ,” ಎಂದರು. “ಟಾರ್ಚ್ ಒಂದೇ ನಂಬಿದ್ದು ನನ್ನ ತಪ್ಪು. ಹೊರಡಿ, ಕೊನೇಲಿ ನೀವು, ನಿಮ್ಮ ಹಿಂದೆ ನಾನು. ನಿಮ್ಮನ್ನ ಹಗ್ಗ ಕಟ್ಟಿ ಎಳೆಯೋ ಅದೃಷ್ಟ ನನಗೆ ಸಿಗ್ಲಿ.”

ಅತ್ತೆ ಪಕ್ಕದ ಸೀಟಿನ ಮೇಲಿದ್ದ ನೀರಿನ ಕ್ಯಾನನ್ನು ಹಿಂದಕ್ಕೆ ತಳ್ಳಿದರು. “ಹತ್ತು. ಬಾಗಿಲು ಮೆತ್ತಗೆ ಹಾಕು, ನಿಮ್ಮಪ್ಪನ ಹಾಗೆ ಅಲ್ಲ.”

ಬೆಟ್ಟದ ಬುಡದವರೆಗೆ ನೇರ ರಸ್ತೆ. ಗಾಳಿ ಜೋರಾಗಿತ್ತು. ಮೊದಲ ತಿರುವು ಹತ್ತುವಾಗ ಅತ್ತೆಯೇ ಶುರು ಮಾಡಿದರು.

“ಹಾರ್ನು ಅಳತೆಪಟ್ಟಿ ಅಂದಾಗ್ಲೇ ನಂಗೆ ಗೊತ್ತಾಯ್ತು, ನೀನು ತಿದ್ದಿದ್ದೀಯ ಅಂತ. ಬಾಯಿ ಬಿಟ್ಟಿದ್ರೆ ಮೊದಲು ಯಾಕೆ ಸೊಟ್ಟ ಇತ್ತು ಅಂತ ಹೇಳ್ಬೇಕಾಗ್ತಿತ್ತು. ನಿಮ್ಮಪ್ಪನಿಗೆ ಗೊತ್ತಾದ್ರೆ ಮರುದಿನವೇ ಇವನನ್ನ ಮಾರಿಸ್ತಾನೆ. ಬೆಳಿಗ್ಗೆ ಎದ್ದು ಒಂದ್ಸಲ ನೋಡಿಬಿಡೋಣ ಅಂತ ಮಲಗಿದೆ.”

“ನೋಡಿದ್ರಾ?”

“ಕೂರ್ಲೇ ಇಲ್ಲ ಸ್ಪ್ಯಾನರ್ರು. ಮೂರು ಸಲ ಜಾರ್ತು. ಹೊತ್ತಾಯ್ತು, ಬಂದುಬಿಟ್ಟೆ. ನನ್ನ ಕೈಯೇ ಸೊಟ್ಟ ಎಳೆದಿದ್ದು ಅಂತ ಮುಕ್ಕಾಲು ಪಾಲು ಗೊತ್ತಿತ್ತು.” ಗೇರ್ ಬದಲಾಯಿಸಿದರು. “ಇನ್ನು ಕಾಲು ಪಾಲಿಗೆ ನೀನು ಬಂದೆ. ಈ ಮನೆತನದಲ್ಲಿ ಸುಮ್ಮಿ ಅಂದ್ರೆ ನೀನೊಬ್ಬಳೇ ಅಂದ್ಕೊಂಡಿದ್ದೆ.”

ನಾನು ಅವರ ಕೈ ನೋಡುತ್ತಿದ್ದೆ. ಸ್ಟೀರಿಂಗಿನ ಮೇಲೆ ಅದು ಸ್ವಲ್ಪವೂ ಅಲುಗುತ್ತಿರಲಿಲ್ಲ.

“ನನ್ನ ಕೈ ನೋಡ್ಬೇಡ, ರಸ್ತೆ ನೋಡು,” ಎಂದರು.

ಇಪ್ಪತ್ತೊಂದು ತಿರುವು ಹತ್ತಿ, ಇಪ್ಪತ್ತೊಂದು ತಿರುವು ಇಳಿದೆವು. ಇಳಿಯುವಾಗ ಹದಿನಾರನೆಯದರಲ್ಲಿ ಹಾರ್ನ್ ಅವರ ಗಾಡಿ ಬಾನೆಟ್ ತೆರೆದುಕೊಂಡು ನಿಂತಿತ್ತು. ಹಗ್ಗ ನಮ್ಮ ಡಿಕ್ಕಿಯಲ್ಲಿತ್ತು.

ಅಪ್ಪನಿಗೆ ಅತ್ತೆಯೇ ಹೇಳಿದರು, ಅದೇ ಸಂಜೆ. ಅಪ್ಪ ಮಾರು ಎಂದರು, ಅತ್ತೆ ಆಗಲ್ಲ ಎಂದರು. ಆ ವಾದ ಇನ್ನೂ ನಡೆದೇ ಇದೆ.

ಮುಂದಿನ ಗುರುವಾರ ಕಾರು ಮತ್ತೆ ಸ್ಟ್ಯಾಂಡಿನ ಮೇಲೆ. ಈಗ ನಾನು ಕೆಳಗೆ, ಅತ್ತೆ ಸ್ಟೂಲಿನ ಮೇಲೆ, ಮಡಿಲಲ್ಲಿ ಗಾಡಿ ಪುಸ್ತಕ. ಅದರಲ್ಲಿ ತಾರೀಖಿನ ಪಕ್ಕದಲ್ಲಿ ಹೊಸ ಕಾಲಮ್ಮು ಬಂದಿದೆ: ಬಿಗಿ ಮಾಡಿದವರು. ಒರೆಸುವುದಕ್ಕೆ ಮುಂಚೆ ಕೇಳಬೇಕು ಎಂಬ ನಿಯಮವನ್ನು ಮುಖಪುಟದ ಒಳಗೆ ನಾನೇ ಬರೆದೆ. ಟಕ್ ಎಂದಿತು. ಬ್ರಷ್ಷು ಬಣ್ಣಕ್ಕೆ ಅದ್ದಿದೆ. ಗೆರೆ ಎಳೆಯುವ ಮುಂಚೆ ನಿಂತೆ.

“ಅತ್ತೆ, ಈ ನಟ್ಟು ಬಿಚ್ಚಿಕೊಂಡ್ರೆ ನಿಜವಾಗ್ಲೂ ಏನಾಗುತ್ತೆ?”

ಮೇಲೆ ಗಾಡಿ ಪುಸ್ತಕ ಮುಚ್ಚಿದ ಸದ್ದಾಯಿತು.

“ಅಂತೂ ಕೇಳಿದ್ಯಲ್ಲೇ,” ಎಂದರು ಅತ್ತೆ. ಆಮೇಲೆ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ಚಕ್ರ ಯಾವುದರಿಂದ ಯಾವುದಕ್ಕೆ ಹೇಗೆ ತೂಗುಬಿದ್ದಿದೆ ಎಂದು ಮೊದಲಿನಿಂದ ಹೇಳತೊಡಗಿದರು. ಅರ್ಧ ಲೋಟ ಚಹಾ ಪಕ್ಕದಲ್ಲಿ ಆರಿತು. ಬ್ರಷ್ಷಿನ ಬಣ್ಣವೂ ಒಣಗಿತು. ಮತ್ತೆ ಥಿನ್ನರಿನಲ್ಲಿ ತೊಳೆದು, ಗೆರೆ ಎಳೆದೆ.